ಬಳೆಗಾರ ಗುಂಡಿನ ಸಾಕ್ಷ್ಯ

ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದು ಉತ್ತರಾಭಿಮುಖವಾಗಿ ಹೊರಟವರಿಗೆ, ಶೇಂಗಾ ಹೊಲಗಳನ್ನೂ ಜಾಲಿಯ ಪೊದೆಗಳನ್ನೂ ಕುರಿಮಂದೆಗಳನ್ನೂ ಹಿಂದಿಕ್ಕುತ್ತ ಹೋದಂತೆ, ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಮೊಳಕಾಲ್ಮೂರು ಸೀಮೆಯ ಬೆಟ್ಟಗಳು ಎದುರಾಗುತ್ತವೆ. ಮಳೆ ಅಪರೂಪವಾದ ಈ ಒರಟು ನೆಲ ಲೋಕದ ಹೆದ್ದಾರಿಗಳಿಂದ ಎಂದೆಂದಿಗೂ ದೂರವೇ ಉಳಿದಿದ್ದಿರಬೇಕೆಂದು ದಾರಿಹೋಕನು ಭಾವಿಸಿದರೆ ಅದು ಆತನ ತಪ್ಪಲ್ಲ. ಆದರೆ ಆ ಭಾವನೆಯನ್ನು ತಿದ್ದಬಲ್ಲ ಸಾಕ್ಷಿಗಳು ಅದೇ ಬೆಟ್ಟಗಳ ಮೈಮೇಲೆ ಇವೆ.

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆರೆಯ ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಗುರುತಿಸಿದರು. ವಿದ್ವಾಂಸರು ಬರುವುದಕ್ಕೆ ಮುಂಚೆಯೇ ಜನರು ಈ ಬಂಡೆಗಳಿಗೆ ಹೆಸರಿಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ರಾಮೇಶ್ವರನ ಜಾತ್ರೆಗೆ ಬಂದ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದೇ ಆ ಹೆಸರಿಗೆ ಕಾರಣ. ಧರ್ಮಾಜ್ಞೆಯನ್ನು ಹೊತ್ತ ಕಲ್ಲೇ ವ್ಯಾಪಾರದ ಕಲ್ಲೂ ಆದುದು ಕೇವಲ ಆಕಸ್ಮಿಕವಿರಬಹುದು. ಆದರೂ ಧರ್ಮ, ಅಕ್ಷರ, ವಾಣಿಜ್ಯ ಇವು ಮೂರೂ ಒಂದೇ ದಾರಿಯಲ್ಲಿ ನಡೆದು ಬಂದವು, ಒಂದೇ ದಾರಿಯಲ್ಲಿ ನಡೆದು ಹೋದವು ಎಂಬ ಸತ್ಯಕ್ಕೆ ಅದಕ್ಕಿಂತ ತಕ್ಕ ಕುರುಹು ನನಗೆ ಬೇರೆ ತೋರದು.

ಮೊದಲು ಬಂದುದರ ಮಾತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ, ಎಂದರೆ ರಾಜಕುಮಾರನೂ, ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲ ಪಟ್ಟಣದ ಮಹಾಮಾತ್ರರ ಆರೋಗ್ಯವನ್ನು ಹಾರೈಸಿ ಕಳುಹಿಸಿದ ಆಜ್ಞೆ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ತಂದೆತಾಯಿಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಕೊನೆಯ ಸಾಲನ್ನು ಹತ್ತಿರದಿಂದ ನೋಡಬೇಕು. ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಯನ್ನು ಸೂಚಿಸುವ ಆ ಒಂದು ಪದವನ್ನು ಮಾತ್ರ ಅವನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿಯು ಗಾಂಧಾರದ, ಎಂದರೆ ಇಂದಿನ ಪಾಕಿಸ್ತಾನದ ವಾಯವ್ಯ ಸೀಮೆಯ ಲಿಪಿ. ದಕ್ಷಿಣದ ಈ ಬೆಟ್ಟದಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಆದರೂ ದೂರದ ನಾಡಿನಲ್ಲಿ ಕಲಿತ ಅಕ್ಷರದ ಅಭಿಮಾನವನ್ನು ಬಿಡಲಾರದೆ ಒಂದು ಕೈ ಇಲ್ಲಿ ಉಳಿ ಹಿಡಿದು ನಿಂತಿತ್ತು.

1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲನ್ನು ಅಗೆಸಿದಾಗ, ರೋಮಿನೊಡನೆ ವ್ಯಾಪಾರ ನಡೆಸಿದ ಅರಿಕಮೇಡು ಬಂದರಿನಲ್ಲಿ ಸಿಕ್ಕಿದ್ದಂಥದೇ ಗೆರೆವಿನ್ಯಾಸದ ಮಡಕೆಯ ಚೂರುಗಳು ಇಲ್ಲಿಯೂ ದೊರೆತವು. ಸಮುದ್ರವನ್ನೇ ಕಾಣದ ಈ ನೆಲವನ್ನು ಸಮುದ್ರದ ಗಾಳಿ ಹೇಗೋ ಮುಟ್ಟಿತ್ತು.

ಮಧ್ಯಯುಗ ಬಂದಾಗ ಜಟಿಂಗ ರಾಮೇಶ್ವರದ ಬೆಟ್ಟ ಶಿವನದಾಯಿತು. ಸೀತೆಯನ್ನು ಕಾಪಾಡಹೋಗಿ ಜಟಾಯು ಬಿದ್ದ ಸ್ಥಳ ಇದೆಂದು ಜನರ ನಂಬಿಕೆ. ಇಟ್ಟಿಗೆಯ ಗುಡಿಯಾಗಿದ್ದ ರಾಮೇಶ್ವರಾಲಯವು 962ರಲ್ಲಿ ಕಲ್ಲಿನ ಗುಡಿಯಾಯಿತೆಂದು ಶಾಸನದಿಂದ ತಿಳಿಯುತ್ತದೆ. ನೊಳಂಬವಾಡಿಯ ಈ ಭಾಗ ಕಲ್ಯಾಣದ ಚಾಲುಕ್ಯರ ವಶವಾದ ಮೇಲೆ, ಆ ವಂಶದ ವಿಷ್ಣುವರ್ಧನ ವಿಜಯಾದಿತ್ಯನ 1064ರ ಶಾಸನವೂ, ಜಯಸಿಂಹನ 1072ರ ಶಾಸನವೂ ಇದೇ ಬೆಟ್ಟದ ಮೇಲೆ ಹುಟ್ಟಿದವು. ಹೊಸಬರು ತಮ್ಮ ಮಾತನ್ನು ಬೇರೆ ಕಲ್ಲಿನಲ್ಲಿ ಬರೆಸಿದರು. ಒಂದು ಧರ್ಮದ ಬೆಟ್ಟ ಇನ್ನೊಂದು ಧರ್ಮಕ್ಕೂ ಆಶ್ರಯವಾಯಿತು. ಇದು ಈ ಬೆಟ್ಟಕ್ಕೆ ಮಾತ್ರ ಸಲ್ಲುವ ಗುಣವಲ್ಲ. ಅದೇ ಚಾಲುಕ್ಯರ ಕಾಲದಲ್ಲಿ, 1065ರಲ್ಲಿ ಬಳ್ಳಿಗಾವೆಯಲ್ಲಿ ಬೌದ್ಧವಿಹಾರವೊಂದು ನಿರ್ಮಾಣವಾಯಿತು. 1095ರ ಹೊತ್ತಿಗೆ ಡಂಬಳದಲ್ಲಿ ಬೌದ್ಧರ ತಾರಾದೇವಿಯ ಆಲಯ ದತ್ತಿಯನ್ನು ಪಡೆಯಿತು.

ಇನ್ನು ಹೋದುದರ ಮಾತು. ಜಯಸಿಂಹನ ಅಣ್ಣನಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿ ಐವತ್ತು ವರ್ಷ ಆಳಿದನು. ಕಾಶ್ಮೀರದ ಕವಿ ಬಿಲ್ಹಣನು ಊರೂರು ಅಲೆದು ಕೊನೆಗೆ ವಿದ್ಯಾಪತಿಯಾಗಿ ನೆಲೆಸಿದುದು ಇವನ ಆಸ್ಥಾನದಲ್ಲಿ. ಆ ಕಾಲದಲ್ಲೇ ಕಾಶ್ಮೀರದ ಅರಸ ಹರ್ಷನು ದಕ್ಷಿಣದ ರೀತಿನೀತಿಗಳನ್ನು ಮೆಚ್ಚಿ, ಕರ್ಣಾಟಕದ ನಾಣ್ಯವನ್ನು ಅನುಕರಿಸಿ ತನ್ನ ಟಂಕವನ್ನು ಹೊಡೆಸಿದನೆಂದು ಕಲ್ಹಣನು ರಾಜತರಂಗಿಣಿಯಲ್ಲಿ ಹೇಳುತ್ತಾನೆ. ಒಂದು ಕಾಲಕ್ಕೆ ವಾಯವ್ಯದಿಂದ ಲಿಪಿ ಇತ್ತ ಬಂದಿತ್ತು. ಹದಿಮೂರು ಶತಮಾನಗಳ ಮೇಲೆ ಅದೇ ದಿಕ್ಕಿಗೆ ಇತ್ತಣಿಂದ ನಾಣ್ಯದ ಅಚ್ಚು ಹೋಯಿತು.

ಹಿಮಾಲಯದ ತಪ್ಪಲಿನಲ್ಲಿ ಈ ಕಥೆ ಇನ್ನೂ ದೀರ್ಘವಾದುದು. ಕರ್ಣಾಟ ವಂಶದವನೆಂದು ಹೇಳಿಕೊಂಡ ನಾನ್ಯದೇವನು 1097ರಲ್ಲಿ ಮಿಥಿಲೆಯಲ್ಲಿ ರಾಜ್ಯವನ್ನು ಸ್ಥಾಪಿಸಿದನು. ಅದರ ರಾಜಧಾನಿಯಾದ ಸಿಮ್ರೌನ್‌ಗಢದ ಅವಶೇಷಗಳು ಇಂದು ನೇಪಾಳದಲ್ಲಿವೆ. ನಾಟ್ಯಶಾಸ್ತ್ರಕ್ಕೆ ಭರತಭಾಷ್ಯವೆಂಬ ವ್ಯಾಖ್ಯಾನವನ್ನು ಬರೆದ ಸಂಗೀತಜ್ಞನೂ ಅವನೇ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ದಾಳಿಗೆ ಆ ರಾಜ್ಯ ಅಳಿಯಿತಾದರೂ ಅದರ ನೆನಪು ಅಳಿಯಲಿಲ್ಲ: ಮೂರು ಶತಮಾನಗಳ ಮೇಲೆ ಕಠ್ಮಂಡುವಿನ ಮಲ್ಲ ಅರಸ ಪ್ರತಾಪಮಲ್ಲನು ತನ್ನ ವಂಶಾವಳಿಯನ್ನು ನಾನ್ಯದೇವನಿಂದಲೇ ಎಣಿಸಿದನು. ರಾಜ್ಯವನ್ನು ಕಟ್ಟಿದವರು ಗಡಿಯನ್ನು ಉಳಿಸಿಕೊಳ್ಳಲಾರದೆ ಹೋದರು. ಹಾಡಿನ ಶಾಸ್ತ್ರ ಉಳಿಯಿತು, ಹೆಸರು ಉಳಿಯಿತು.

ಸಮುದ್ರದಾಚೆಗೆ ಹೋದವರು ವರ್ತಕರು. ಐಹೊಳೆಯನ್ನು ಮೂಲಸ್ಥಾನವೆಂದು ಹೆಮ್ಮೆಪಟ್ಟ ಅಯ್ಯಾವೊಳೆ ಐನೂರ್ವರ ಸಂಘ, ಕನ್ನಡ, ತಮಿಳು, ತೆಲುಗು ನಾಡುಗಳ ವ್ಯಾಪಾರಿಗಳನ್ನು ಒಂದು ಕಟ್ಟಿಗೆ ತಂದಿತ್ತು. 1088ರಲ್ಲಿ ಕರ್ಪೂರಕ್ಕೆ ಹೆಸರಾದ ಸುಮಾತ್ರಾದ ಬಾರುಸ್‌ನಲ್ಲಿ ಆ ಸಂಘದವರು ತಮಿಳಿನಲ್ಲಿ ಶಾಸನ ಹಾಕಿಸಿದರು. ಮಲಪ್ರಭೆಯ ದಂಡೆಯ ಊರಿನ ಹೆಸರನ್ನು ಹೊತ್ತ ಸಂಘ ನೆರೆಯ ಭಾಷೆಯಲ್ಲಿ ಕಡಲಾಚೆ ಮಾತಾಡಿದುದನ್ನು ಕಂಡಾಗ, ಸಂಸ್ಕೃತಿಯನ್ನು ಯಾವ ಒಂದು ಜನವೂ ತನ್ನದಷ್ಟೇ ಎಂದು ಹೊತ್ತು ಹೋದುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ನಾಡಿನ ಪ್ರಭಾವ ಹೊರಗೆ ಹಬ್ಬಿತೆಂದು ಹೇಳುವಾಗ ಎದೆ ಉಬ್ಬುವುದು ಸಹಜ. ಆದರೆ ಕೊಟ್ಟುದನ್ನು ಮಾತ್ರ ನೆನೆದು ಪಡೆದುದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಬಳೆಗಾರ ಗುಂಡಿನ ಅಕ್ಷರಗಳು ಬಹುಮಟ್ಟಿಗೆ ಸವೆದಿವೆ. ನಡುವೆ ನಡುವೆ ಒಂದೆರಡು ಗೆರೆ ಮಾತ್ರ ಕಣ್ಣಿಗೆ ಹತ್ತುತ್ತವೆ. ಮೊಳಕಾಲ್ಮೂರಿನ ಶಾಲೆಯ ಮಗುವಿಗೆ ಕಲ್ಯಾಣ, ಕಾಶ್ಮೀರ, ಸುಮಾತ್ರಾಗಳ ಕಥೆ ಹೇಳುವ ಉಪಾಧ್ಯಾಯರು ಮೊದಲು ಆ ಮಗುವನ್ನು ಈ ಬೆಟ್ಟ ಹತ್ತಿಸಿ ಆ ಗೆರೆಗಳನ್ನು ತೋರಿಸಲಿ. ದೂರದಿಂದ ಬಂದ ಒಬ್ಬ ಲಿಪಿಕಾರನಿಗೆ ನಮ್ಮ ಊರು ಬಂಡೆಯನ್ನು ಕೊಟ್ಟಿತ್ತೆಂದು ತಿಳಿದ ಮಗುವಿಗೆ, ಮುಂದೆ ನಮ್ಮವರಿಗೆ ಹೊರನಾಡುಗಳು ಬಂಡೆಯನ್ನು ಏಕೆ ಕೊಟ್ಟವೆಂಬುದು ಬೇರೆ ವಿವರಿಸದೆಯೇ ಅರ್ಥವಾದೀತು.