ಹೊಗೆಯೂ ಬೆಂಕಿಯೂ

ದೂರದ ಬೆಟ್ಟದ ಮೇಲೆ ಹೊಗೆ ಏಳುವುದನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ತಿಳಿಯುತ್ತಾನೆ. ಬೆಂಕಿಯನ್ನು ಅವನು ಕಂಡಿಲ್ಲ. ಆದರೆ ತನ್ನ ಮನೆಯ ಒಲೆಯ ಬಳಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಅನೇಕ ಸಲ ಕಂಡಿದ್ದಾನೆ. ಕಂಡುದರಿಂದ ಕಾಣದುದನ್ನು ಅರಿಯುವ ಈ ಕ್ರಮವನ್ನು ನಮ್ಮ ತರ್ಕಶಾಸ್ತ್ರಜ್ಞರು ‘ಅನುಮಾನ’ವೆಂದು ಕರೆದರು. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ. ಗುರುತಿನಿಂದ ಪಡೆದ ಜ್ಞಾನ. ಮಂಜನ್ನೇ ಹೊಗೆಯೆಂದು ಭ್ರಮಿಸುವುದುಂಟು ಎಂದೂ ಅವರು ಎಚ್ಚರಿಸಿದ್ದರು. ಸ್ತನದ ಕ್ಯಾನ್ಸರ್ ಕೈಗೆ ತಗಲುವಷ್ಟು ಬೆಳೆಯುವ ಮೊದಲೇ ವೈದ್ಯರು ಅದನ್ನು ಗುರುತಿಸುವುದು ಇದೇ ಕ್ರಮದಿಂದ.

ಸ್ತನವು ಶಿಶುವಿಗೆ ಹಾಲೂಡಿಸಲೆಂದು ರೂಪುಗೊಂಡ ಅಂಗ. ಅದರೊಳಗೆ ಹಾಲನ್ನು ಉತ್ಪಾದಿಸುವ ಕಿರುಗೊಂಚಲುಗಳೂ ಆ ಹಾಲನ್ನು ಸ್ತನಾಗ್ರಕ್ಕೆ ತರುವ ನಾಳಗಳೂ ಇವೆ. ದ್ರಾಕ್ಷಿಯ ಗೊಂಚಲನ್ನು ನೆನೆದರೆ ಈ ರಚನೆ ಮನಸ್ಸಿಗೆ ಬರುತ್ತದೆ. ನಾಳದ ಒಳಮೈಯನ್ನು ಜೀವಕೋಶಗಳು ಆವರಿಸಿವೆ. ಅವುಗಳ ಹೊರಗೆ ಅತಿ ತೆಳುವಾದ ಒಂದು ಪೊರೆಯಿದೆ. ನಾಳವನ್ನು ಕಾಲುವೆಯೆಂದು ಭಾವಿಸಿದರೆ ಈ ಪೊರೆಯೇ ಅದರ ದಂಡೆ. ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಈ ಜೀವಕೋಶಗಳಲ್ಲಿ. ಅವು ಅಂಕೆ ತಪ್ಪಿ ವೃದ್ಧಿಸತೊಡಗುತ್ತವೆ. ದಂಡೆಯೊಳಗೇ ಇರುವವರೆಗೆ ಅವು ದೇಹದ ಇತರ ಭಾಗಗಳಿಗೆ ಹರಡಲಾರವು. ದಂಡೆ ಒಡೆದರೆ ರಕ್ತನಾಳ, ದುಗ್ಧರಸನಾಳಗಳನ್ನು ಹೊಕ್ಕು ದೂರ ದೂರಕ್ಕೆ ಸಾಗಬಲ್ಲವು. ರೋಗಿಯ ಅಳಿವು ಉಳಿವು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಈ ಒಳಗಿನ ವ್ಯಾಪಾರವನ್ನು ಹೊರಗಿನಿಂದ ತಿಳಿಯುವುದು ಹೇಗೆ? 1895ರಲ್ಲಿ ಜರ್ಮನಿಯ ರಾಂಟ್‌ಜನ್ ಅವರು ಕ್ಷ-ಕಿರಣವನ್ನು ಕಂಡುಹಿಡಿದರು. ಬರ್ಲಿನ್ ನಗರದ ಶಸ್ತ್ರವೈದ್ಯರಾದ ಆಲ್ಬರ್ಟ್ ಸಾಲೊಮನ್ ಅವರು, ರೋಗದ ಕಾರಣದಿಂದ ಕತ್ತರಿಸಿ ತೆಗೆದ ಸುಮಾರು 3000 ಸ್ತನಗಳನ್ನು ಅಧ್ಯಯನಮಾಡಿ 1913ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕ್ಷ-ಕಿರಣದ ನೆರಳಿನಲ್ಲಿ ಕಂಡುದನ್ನು ಅದೇ ಅಂಗಾಂಶದಲ್ಲಿ ಕಂಡುದರೊಡನೆ ಹೋಲಿಸಿದುದೇ ಅವರ ಹಿರಿಮೆ. ಇದು ಒಲೆಯ ಬಳಿ ಹೊಗೆಯನ್ನೂ ಬೆಂಕಿಯನ್ನೂ ಜೊತೆಯಾಗಿ ನೋಡಿದಂತೆ. ಯೆಹೂದ್ಯರೆಂಬ ಕಾರಣಕ್ಕೆ ನಾಜಿ ಆಡಳಿತದಲ್ಲಿ, 1933ರಲ್ಲಿ, ಅವರು ಹುದ್ದೆಯನ್ನು ಕಳೆದುಕೊಂಡರು. ಅವರು ತೋರಿದ ದಾರಿಯಲ್ಲಿ ಇತರರು ನಡೆದರು. 1950ರ ಸುಮಾರಿಗೆ ದಕ್ಷಿಣ ಅಮೆರಿಕದ ಉರುಗ್ವೆ ದೇಶದ ರೌಲ್ ಲೆಬೋರ್ನ್ ಎಂಬ ವೈದ್ಯರು, ಚಿತ್ರದಲ್ಲಿ ಕಾಣುವ ಸುಣ್ಣದ ಕಣಗಳ ಮಹತ್ತ್ವವನ್ನು ಎತ್ತಿ ತೋರಿಸಿದರು.

ಸ್ತನದ ಕ್ಷ-ಕಿರಣ ಚಿತ್ರಕ್ಕೆ ಮ್ಯಾಮೊಗ್ರಾಮ್ ಎಂದು ಹೆಸರು. ಅದರಲ್ಲಿ ಕೊಬ್ಬು ಕಪ್ಪಾಗಿಯೂ ಹಾಲಿನ ಗ್ರಂಥಿಗಳು ಬೆಳ್ಳಗೂ ಸುಣ್ಣದ ಅಂಶ ಅಚ್ಚಬಿಳುಪಾಗಿಯೂ ಕಾಣುತ್ತವೆ. ವೈದ್ಯರು ಅರಸುವ ಗುರುತುಗಳಲ್ಲಿ ಎರಡು ಮುಖ್ಯವಾದವು. ನಾಳದೊಳಗೆ ಜೀವಕೋಶಗಳು ಕಿಕ್ಕಿರಿದಾಗ ನಡುವಿನವಕ್ಕೆ ಪೋಷಣೆ ಸಾಲದೆ ಅವು ಸಾಯುತ್ತವೆ. ಆ ಸತ್ತ ಕೋಶಗಳ ರಾಶಿಯಲ್ಲಿ ಸುಣ್ಣದ ಲವಣಗಳು ನೆಲೆಗೊಳ್ಳುತ್ತವೆ. ಚಿತ್ರದಲ್ಲಿ ಅವು ಸಣ್ಣ ಮರಳಿನಂತೆ ಒಂದೆಡೆ ಗುಂಪುಗೂಡಿ, ಕೆಲವೊಮ್ಮೆ ನಾಳದ ಜಾಡನ್ನೇ ಹಿಡಿದು ಸಾಲಾಗಿ ತೋರುತ್ತವೆ. ಅನೇಕ ವೇಳೆ ಇದು ದಂಡೆ ಇನ್ನೂ ಒಡೆಯದ ಸ್ಥಿತಿಯ ಗುರುತು. ಎರಡನೆಯದು ದಂಡೆ ಒಡೆದಾಗಿನ ಗುರುತು. ಹೊರನುಗ್ಗಿದ ಕೋಶಗಳ ಸುತ್ತ ಗಡುಸಾದ ನಾರಿನ ಅಂಗಾಂಶ ಬೆಳೆದು ನೆರೆಯ ಭಾಗಗಳನ್ನು ಸೆಳೆಯುತ್ತದೆ. ಬಟ್ಟೆಯ ಒಂದು ನೂಲನ್ನು ಎಳೆದಾಗ ಸುತ್ತಲೂ ನಿರಿಗೆಗಳು ಮೂಡುವಂತೆ, ಚಿತ್ರದಲ್ಲಿ ಬಿಳಿಯ ನಡುಭಾಗವೊಂದರಿಂದ ಎಳೆಗಳು ಹೊರಟು ನಕ್ಷತ್ರದ ಆಕಾರ ಕಾಣಿಸುತ್ತದೆ.

ಆದರೆ ಮಂಜು ಹೊಗೆಯಲ್ಲವೆಂಬ ಎಚ್ಚರಿಕೆಯನ್ನು ಮರೆಯಬಾರದು. ವಯಸ್ಸಾದವರ ರಕ್ತನಾಳಗಳಲ್ಲಿಯೂ ನಿರಪಾಯಕರವಾದ ನೀರುಗುಳ್ಳೆಗಳಲ್ಲಿಯೂ ಸುಣ್ಣ ಸೇರುವುದುಂಟು. ಹಳೆಯ ಗಾಯದ ಕಲೆಯೂ ನಕ್ಷತ್ರದಂತೆ ಕಂಡೀತು. ಇನ್ನು ಕೆಲವು ಕ್ಯಾನ್ಸರುಗಳು ಯಾವ ಗುರುತನ್ನೂ ತೋರದೆ ಅಡಗಿರುತ್ತವೆ. ಗ್ರಂಥಿಗಳು ದಟ್ಟವಾಗಿರುವ ಸ್ತನದಲ್ಲಿ ಬಿಳುಪಿನೊಳಗೆ ಬಿಳುಪು ಮರೆಯಾಗುತ್ತದೆ. ಆಗ ಶಬ್ದತರಂಗಗಳ ಪರೀಕ್ಷೆ ನೆರವಾಗುತ್ತದೆ. ಗಂಟು ನೀರು ತುಂಬಿದುದೋ ಗಟ್ಟಿಯಾದುದೋ ಎಂಬುದನ್ನು ಅದು ತಿಳಿಸುತ್ತದೆ. ಕಡೆಯ ತೀರ್ಪು ಮಾತ್ರ ಸೂಕ್ಷ್ಮದರ್ಶಕದ್ದು. ಸೂಜಿಯಿಂದ ಕಿರಿದಾದ ತುಣುಕನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ರೋಗವುಂಟೋ ಇಲ್ಲವೋ ಎಂಬುದು ಸ್ಥಿರಪಡುತ್ತದೆ. ನೆರಳು ಪ್ರಶ್ನೆಯನ್ನು ಎತ್ತುತ್ತದೆ. ಅಂಗಾಂಶ ಉತ್ತರವನ್ನು ಕೊಡುತ್ತದೆ.

ಇಷ್ಟೆಲ್ಲ ಶ್ರಮದಿಂದ ಪ್ರಯೋಜನವೇನು? ಸ್ವೀಡನ್ ದೇಶದ ಎರಡು ಪ್ರಾಂತಗಳಲ್ಲಿ ಲಾಸ್ಲೊ ತಾಬಾರ್ ಮತ್ತು ಅವರ ಸಂಗಡಿಗರು 1977ರಲ್ಲಿ ದೊಡ್ಡದೊಂದು ಅಧ್ಯಯನವನ್ನು ಆರಂಭಿಸಿದರು. 40ರಿಂದ 74 ವರ್ಷದ ಸ್ತ್ರೀಯರಲ್ಲಿ ಒಂದು ಗುಂಪನ್ನು ಮಾತ್ರ ಮ್ಯಾಮೊಗ್ರಾಮ್ ಪರೀಕ್ಷೆಗೆ ಆಹ್ವಾನಿಸಲಾಯಿತು. 1985ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನಲ್ಲಿ ಈ ರೋಗದಿಂದಾದ ಮರಣಗಳು ಶೇಕಡಾ 31ರಷ್ಟು ಕಡಿಮೆಯಾಗಿದ್ದವು.

ವಿದ್ಯಾರ್ಥಿಗಳೇ, ನಮ್ಮ ಮನೆಗಳಲ್ಲಿ ಈ ಅಂಗದ ಹೆಸರೆತ್ತಲು ಸಂಕೋಚವುಂಟು. ಕೈಗೆ ಗಂಟು ತಗಲಿದರೂ ‘ನೋವಿಲ್ಲವಲ್ಲ’ ಎಂದು ಸಮಾಧಾನ ತಂದುಕೊಂಡು, ಯಾರಿಗೂ ಹೇಳದೆ, ಮನೆಗೆಲಸದಲ್ಲಿ ದಿನ ತಳ್ಳುವ ತಾಯಂದಿರಿದ್ದಾರೆ. ಮೊದಮೊದಲು ಈ ಗಂಟು ನೋಯದಿರುವುದೇ ಹೆಚ್ಚು ಎಂಬುದು ಅವರಿಗೆ ತಿಳಿಯದು. ಅದನ್ನು ಅವರಿಗೆ ತಿಳಿಸಬಲ್ಲವರು ಮನೆಯಲ್ಲಿ ಓದಬಲ್ಲ ಮಕ್ಕಳು. ಎಲ್ಲ ಗಂಟೂ ಕ್ಯಾನ್ಸರಲ್ಲ; ಆದರೆ ಪರೀಕ್ಷಿಸದೆ ಅದು ತಿಳಿಯುವುದಿಲ್ಲ. ಹೊಗೆಯನ್ನು ಕಂಡವನು ಬೆಂಕಿ ಬೆಂಕಿಯೆಂದು ಕೂಗಿ ಎದೆಗೆಡುವುದೂ ತರವಲ್ಲ, ಕಣ್ಣು ಮುಚ್ಚಿಕೊಳ್ಳುವುದೂ ತರವಲ್ಲ. ಬೆಟ್ಟವನ್ನು ಹತ್ತಿ ನೋಡಬೇಕು.