ಸತುವಿನ ಬ್ಯಾಟರಿಯ ಬಾಳಿಕೆ

ಕೈದೀಪದೊಳಗಣ ಬ್ಯಾಟರಿಯನ್ನು ನಾವೆಲ್ಲರೂ ಬಲ್ಲೆವು. ೧೮೦೦ರಲ್ಲಿ ಇಟಲಿಯ ವೋಲ್ಟಾ ಮಹಾಶಯನು ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ತುಂಡುಗಳನ್ನಿಟ್ಟು ಪೇರಿಸಿ ವಿದ್ಯುತ್ಪ್ರವಾಹವನ್ನು ಪಡೆದನು. ೧೮೬೬ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ರಚಿಸಿದ ಕೋಶದಿಂದ ಕೈದೀಪದ ಬ್ಯಾಟರಿ ಬೆಳೆದು ಬಂದಿತು.

ಇಷ್ಟು ಹಳೆಯ ಲೋಹಕ್ಕೆ ಇಂದು ಮತ್ತೆ ಮನ್ನಣೆ ದೊರೆತಿರುವುದೇಕೆ? ಹಗಲಿನಲ್ಲಿ ಸೂರ್ಯನಿಂದ ಪಡೆದ ವಿದ್ಯುತ್ತನ್ನು ಇರುಳಿಗಾಗಿ ಕೂಡಿಡಬೇಕಾಗಿದೆ. ಲಿಥಿಯಂ ಬ್ಯಾಟರಿ ಈ ಕೆಲಸವನ್ನು ಮಾಡುವುದು ನಿಜ. ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ದ್ರವವು ಹೊತ್ತಿಕೊಳ್ಳತಕ್ಕದ್ದು. ಸತುವಿನ ಬ್ಯಾಟರಿಗೆ ಸತುವಿನ ಲವಣವನ್ನು ಕರಗಿಸಿದ ನೀರೇ ಸಾಕು. ನೀರು ಹೊತ್ತಿ ಉರಿಯುವುದಿಲ್ಲ.

ಆದರೆ ತೊಡಕೂ ನೀರಿನಿಂದಲೇ ಹುಟ್ಟುತ್ತದೆ. ಬ್ಯಾಟರಿಯನ್ನು ಬಳಸುವಾಗ ಸತುವು ಕರಗುತ್ತದೆ. ಮತ್ತೆ ತುಂಬುವಾಗ ತಗಡಿನ ಮೇಲೆ ಬಂದು ಕೂರುತ್ತದೆ. ಹೀಗೆ ಕೂರುವಾಗ ಸಮನಾಗಿ ಹರಡದೆ ಉಬ್ಬಿದ ಎಡೆಯಲ್ಲಿಯೇ ಹೆಚ್ಚಾಗಿ ಸೇರಿ ಸೂಜಿಗಳಂತೆ ಬೆಳೆಯುತ್ತದೆ. ಸೂಜಿಯು ಎದುರು ಧ್ರುವವನ್ನು ಮುಟ್ಟಿತೆಂದರೆ ಬ್ಯಾಟರಿ ಕೆಟ್ಟಿತು. ಇದಲ್ಲದೆ ಸತುವು ನೀರಿನೊಡನೆ ವರ್ತಿಸಿ ಜಲಜನಕವನ್ನು ಹೊರಡಿಸುತ್ತದೆ. ಅದರಿಂದ ಕೋಶವು ಉಬ್ಬುತ್ತದೆ, ತಗಡಿನ ಮೇಲೆ ನಿರುಪಯುಕ್ತವಾದ ಬಿಳಿಯ ಹಕ್ಕಳೆಯೂ ಕಟ್ಟುತ್ತದೆ.

ಹಿಂದಿನವರು ಸತುವಿಗೆ ಪಾದರಸವನ್ನು ಸೇರಿಸಿ ಜಲಜನಕವನ್ನು ತಡೆದರು. ಆದರೆ ಎಸೆದ ಬ್ಯಾಟರಿಯ ಪಾದರಸವು ಮಣ್ಣಿಗೂ ನೀರಿಗೂ ವಿಷವಾಯಿತು. ೧೯೯೬ರಲ್ಲಿ ಅಮೆರಿಕ ದೇಶವು ಇದರ ಬಳಕೆಗೆ ಶಾಸನದಿಂದ ಕಟ್ಟುಹಾಕಿತು. ಆದುದರಿಂದ ನಿರಪಾಯವಾದ ಬೇರೆ ಮದ್ದನ್ನು ಹುಡುಕಬೇಕಾಯಿತು.

ಹೆಪ್ಪಿನ ಒಂದು ಹನಿ ಹಾಲಿನ ಗುಣವನ್ನೇ ಬದಲಿಸುವಂತೆ, ದ್ರಾವಣಕ್ಕೆ ಬೆರೆಸಿದ ಸ್ವಲ್ಪ ದ್ರವ್ಯವೂ ಅದರ ನಡತೆಯನ್ನು ತಿದ್ದಬಲ್ಲುದು. ನೀರಿನಲ್ಲಿ ಪ್ರತಿಯೊಂದು ಸತುವಿನ ಅಯಾನನ್ನೂ ಸಾಮಾನ್ಯವಾಗಿ ಆರು ನೀರಿನ ಅಣುಗಳು ಸುತ್ತುವರಿದಿರುತ್ತವೆ. ಗ್ಲೂಕೋಸ್ ಸಕ್ಕರೆಯನ್ನು ಬೆರೆಸಿದರೆ ಅದು ಈ ಪರಿವಾರದೊಳಕ್ಕೆ ಹೊಕ್ಕು ನೀರಿನ ಪಾಲನ್ನು ತಗ್ಗಿಸುತ್ತದೆ, ಜಲಜನಕವೂ ಕಡಮೆಯಾಗುತ್ತದೆ. ಸೋಡಿಯಂ ಲವಣದ ರೀತಿಯೇ ಬೇರೆ. ಅದರ ಅಯಾನುಗಳು ಸೂಜಿಯ ಮೊನೆಯಲ್ಲಿ ನೆರೆದು, ತಾವು ಲೋಹವಾಗದೆ, ಸತುವನ್ನು ಪಕ್ಕದ ತಗ್ಗುಗಳಿಗೆ ನೂಕುತ್ತವೆ.

ಇನ್ನೊಂದು ಧ್ರುವಕ್ಕೂ ಮದ್ದುಂಟು. ಅಲ್ಲಿರುವ ಮ್ಯಾಂಗನೀಸ್ ಡೈಆಕ್ಸೈಡಿನಿಂದ ಮ್ಯಾಂಗನೀಸು ಕರಗಿಹೋಗುತ್ತದೆ. ದ್ರಾವಣದಲ್ಲಿ ಮೊದಲೇ ಮ್ಯಾಂಗನೀಸ್ ಸಲ್ಫೇಟು ಇದ್ದರೆ ಆ ಕರಗುವಿಕೆ ತಗ್ಗುವುದು. ೨೦೧೬ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯಲ್ಲಿ ಹೀಗೆ ಮಾಡಿದ ಕೋಶವು ೫೦೦೦ ಸಲ ತುಂಬಿ ಬರಿದು ಮಾಡಿದ ಮೇಲೂ ಶೇಕಡ ೯೨ರಷ್ಟು ಶಕ್ತಿಯನ್ನು ಉಳಿಸಿಕೊಂಡಿತು.

ಮದ್ದಿಗೂ ಮಿತಿಯುಂಟು. ಅಳತೆ ಮೀರಿದರೆ ದ್ರಾವಣವು ಮಂದವಾಗಿ ಅಯಾನುಗಳ ಸಂಚಾರ ನಿಧಾನವಾಗುವುದು. ಕೆಲವು ದ್ರವ್ಯಗಳು ಕ್ರಮೇಣ ತಾವೇ ಸವೆದುಹೋಗುವುವು. ಪ್ರಯೋಗಶಾಲೆಯ ಪುಟ್ಟ ಕೋಶದಲ್ಲಿ ಬಿರುಸಾಗಿ ನಡೆದ ಪರೀಕ್ಷೆಯೊಂದೇ ಸಾಲದು. ತುಂಬಿಟ್ಟ ಬ್ಯಾಟರಿಯು ವಾರಗಟ್ಟಲೆ ಸುಮ್ಮನಿದ್ದು, ಬೇಕೆಂದಾಗ ತನ್ನ ಶಕ್ತಿಯನ್ನು ಹಿಂತಿರುಗಿಸಬೇಕು. ಇರುಳಿನ ದೀಪವನ್ನು ಅದರ ಪಾಲಿಗೆ ಒಪ್ಪಿಸುವ ಮುನ್ನ ನಾವು ಕೇಳತಕ್ಕ ಪ್ರಮಾಣ ಇದು.