ಹಳೆಯ ಆಟಕ್ಕೆ ಹೊಸ ಹೊಳಪು

ಇಳಿಜಾರಾದ ಮರದ ಹಲಗೆ, ಅದರ ಮೈತುಂಬ ಬಣ್ಣದ ಚಿತ್ರ, ಮೇಲೊಂದು ಗಾಜು. ಒಳಗೆ ಉಕ್ಕಿನ ಗುಂಡೊಂದು ಅತ್ತ ಬಡಿದು ಇತ್ತ ಚಿಮ್ಮಿ, ಗಂಟೆ ಬಾರಿಸುತ್ತ, ದೀಪ ಹೊತ್ತಿಸುತ್ತ ಕೆಳಗುರುಳುತ್ತದೆ. ಅದು ತಪ್ಪಿ ಹೋಗದಂತೆ ಎರಡು ಪುಟ್ಟ ರೆಕ್ಕೆಗಳಿಂದ ಮತ್ತೆ ಮೇಲಕ್ಕಟ್ಟಬೇಕು. ಇದು ಅಮೆರಿಕದ ‘ಪಿನ್‌ಬಾಲ್’ ಆಟ. ವಿದ್ಯುತ್ತಿನಿಂದ ಆಡುವ ಈ ರೆಕ್ಕೆಗಳನ್ನು ಷಿಕಾಗೋ ನಗರದ ಗಾಟ್‌ಲೀಬ್ ಸಂಸ್ಥೆಯು 1947ರಲ್ಲಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ ಅಳವಡಿಸಿದಂದಿನಿಂದ ಅದೃಷ್ಟದಾಟವು ಕೈಚಳಕದ ಆಟವಾಯಿತು. ಆದರೂ ನ್ಯೂಯಾರ್ಕ್ ನಗರವು ಇದನ್ನು ಜೂಜೆಂದೇ ಬಗೆದು 1942ರಿಂದ 1976ರವರೆಗೆ ನಿಷೇಧಿಸಿತ್ತು!

ಗಾಟ್‌ಲೀಬ್ ಯಂತ್ರಗಳ ತಯಾರಿಕೆ 1996ರಲ್ಲಿ ನಿಂತುಹೋಯಿತು. ಹಳೆಯ ಯಂತ್ರಗಳ ಕೆಲವು ಬಿಡಿಭಾಗಗಳಿಗೆ ನಕಲು ದೊರೆಯುತ್ತದೆ, ಎಲ್ಲಕ್ಕೂ ಅಲ್ಲ. ಆದುದರಿಂದಲೇ ಅಲ್ಲಿನ ಹವ್ಯಾಸಿಗಳು ತುಕ್ಕು ಹಿಡಿದ ಒಂದೊಂದು ತುಣುಕನ್ನೂ ತಿಕ್ಕಿ ಬೆಳಗುತ್ತಾರೆ. ಇದು ಬರಿಯ ಶೋಕಿಯೆಂದು ವಾಚಕರು ನಗಬಹುದು. ಆದರೆ ಗುಂಡಿನ ತೂಕ ಸುಮಾರು 80 ಗ್ರಾಂ. ದಾರಿಯಲ್ಲಿನ ಲೋಹದ ಪಟ್ಟಿ ತರಕಲಾದರೆ ಗುಂಡಿಗೆ ಗೀರು ಬೀಳುತ್ತದೆ. ಗೀರು ಬಿದ್ದ ಗುಂಡು ಮರಳುಕಾಗದದಂತೆ ಹಲಗೆಯ ಚಿತ್ರವನ್ನು ಉಜ್ಜಿಹಾಕುತ್ತದೆ. ಗುಂಡು ಅಗ್ಗದ ವಸ್ತು, ಬದಲಾಯಿಸಬಹುದು. ಅಳಿಸಿಹೋದ ಚಿತ್ರವನ್ನು ಬದಲಾಯಿಸುವುದೆಂತು?

ಹೊಳಪು ಕೊಡಲು ಮೋಟಾರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರವುಂಟು. ಅಪಾಯವೂ ಅಲ್ಲಿಯೇ. ಬೆರಳತುದಿಯಲ್ಲಿ ಹಿಡಿದ ಸಣ್ಣ ತುಣುಕಿನ ಅಂಚು ಚಕ್ರಕ್ಕೆ ಸಿಕ್ಕಿತೆಂದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅದು ಗೋಡೆಗೆ ಹಾರಿರುತ್ತದೆ, ಬೆರಳಿಗೂ ಗಾಯ. ಇದಕ್ಕೆಂದೇ ‘ಜಿಗ್’ ಎಂಬ ಹಿಡಿಕಟ್ಟನ್ನು ಮನೆಯ ಚೂರುಮರದಿಂದಲೇ ಮಾಡಿಕೊಳ್ಳುತ್ತಾರೆ. ಯಂತ್ರದ ನಾಲ್ಕು ಕಾಲುಗಳಿಗೆ ಎಂಟು ಬೋಲ್ಟುಗಳು. ಮರದ ತುಂಡೊಂದರಲ್ಲಿ ಎಂಟು ರಂಧ್ರ ಕೊರೆದು, ಬೋಲ್ಟುಗಳನ್ನು ಕುತ್ತಿಗೆಯವರೆಗೆ ತಿರುಗಿಸಿ ಕೂರಿಸಿದರೆ ಎಂಟು ತಲೆಗಳೂ ಒಟ್ಟಿಗೆ ಚಕ್ರಕ್ಕೆ ಒಡ್ಡಿಕೊಳ್ಳುತ್ತವೆ. ಗುಂಡನ್ನು ಒದೆದು ಚಿಮ್ಮಿಸುವ ‘ಬಂಪರ್’ ಉಂಗುರ ಇನ್ನೂ ನಾಜೂಕು. ಅದರ ಕೆಳಗೆ ಎರಡು ತೆಳು ಕಂಬಿಗಳಿವೆ. ಒಂದು ಕೊಂಚ ಬಾಗಿದರೂ ಉಂಗುರ ಸಿಕ್ಕಿಕೊಳ್ಳುತ್ತದೆ. ಕಂಬಿಗಳ ಅಳತೆಗೆ ಎರಡು ರಂಧ್ರವುಳ್ಳ ಮರದ ತುಂಡಿನಲ್ಲಿ ಅವನ್ನು ಹುದುಗಿಸಿದರೆ ಉಂಗುರ ಮಾತ್ರ ಹೊರಗುಳಿದು ಕಂಬಿಗಳು ಸುರಕ್ಷಿತ.

ಪ್ಲಾಸ್ಟಿಕ್ ಗೂಟಗಳ ವಿಷಯ ಇದಕ್ಕೆ ತಲೆಕೆಳಗು. ಗೂಟದ ನಡುವಿನ ತೂತಿಗೆ ಉದ್ದನೆಯ ತಿರುಪು ತೂರಿಸಿ, ನಟ್ಟು ಬಿಗಿದು, ಡ್ರಿಲ್ಲಿನ ಬಾಯಿಗೆ ಕೊಡುತ್ತಾರೆ. ಇಲ್ಲಿ ಬಟ್ಟೆ ನಿಂತಿರುತ್ತದೆ, ಗೂಟ ತಿರುಗುತ್ತದೆ. ವೇಗ ಹೆಚ್ಚಿದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ನಿಧಾನವೇ ಲೇಸು.

ಎಲ್ಲಕ್ಕಿಂತ ಕಷ್ಟವಾದುದು ಕೈ ತಡೆಯುವುದು. ಲೋಹದ ಮೇಲಿನ ನಿಕ್ಕಲ್ ಲೇಪ ಬಹು ತೆಳುವು. ಅದು ಸವೆದು ಒಳಗಿನ ಲೋಹ ಕಂಡಿತೆಂದರೆ ಯಾವ ಹಿಡಿಕಟ್ಟೂ ಅದನ್ನು ಮರಳಿ ತಾರದು. ಸಾಕೋ ಸಾಲದೋ ಎಂಬುದನ್ನು ತಿಳಿಯಲು ಪಟ್ಟಿಯ ಮೇಲೆ ಒಂದಿಷ್ಟು ಹತ್ತಿಯನ್ನು ಎಳೆಯುತ್ತಾರೆ. ಒಂದು ಎಳೆ ಸಿಕ್ಕಿಕೊಂಡರೂ, ಅಲ್ಲಿ ಇನ್ನೂ ಗುಂಡನ್ನು ಗೀರುವ ತರಕು ಉಳಿದಿದೆಯೆಂದೇ ಅರ್ಥ.